ಹವಾಲ್ದಾರನ ಮಂಡಿ

ನೆಲದ ಮೇಲೆ ಕೂತವರು ಏಳುವಾಗ ಒಬ್ಬೊಬ್ಬರು ಒಂದೊಂದು ಸದ್ದು ಮಾಡುತ್ತಾರೆ. ನೀವೂ ಮಾಡುತ್ತೀರಿ. ಇಲ್ಲ ಅನ್ನಬೇಡಿ, ಮನೆಯವರನ್ನು ಕೇಳಿ ನೋಡಿ. ಚಿಕ್ಕ ವಯಸ್ಸಿನಲ್ಲಿ ಈ ಸದ್ದು ಇರುವುದಿಲ್ಲ. ಆಮೇಲೆ ಯಾವತ್ತೋ ಒಂದು ದಿನ ನಮ್ಮ ಅಪ್ಪಣೆಯನ್ನೂ ಕೇಳದೆ ಅದು ಬಂದು ಗಂಟಲಲ್ಲಿ ಬಿಡಾರ ಹೂಡಿರುತ್ತದೆ. ಕೆಲವರದು ‘ರಾಮಾ’, ಕೆಲವರದು ‘ಅಮ್ಮಾ’. ನಮ್ಮ ಪಕ್ಕದ ಮನೆಯ ರಿಟೈರ್ಡ್ ತಹಸೀಲ್ದಾರರದು ‘ಹಾಳಾಗ್ಹೋಗ್ಲಿ’. ನನ್ನದು ‘ಉಶ್ಶ್ಶಪ್ಪಾ’. ಮೊನ್ನೆ ಹೂ ಕಟ್ಟಿ ಮುಗಿಸಿ ಏಳುವಾಗ ನಾನು ಈ ಸದ್ದು ಮಾಡಿದ್ದೇ ತಡ, ಸೊಸೆ ಹಿತ್ತಲಿನಿಂದ ಓಡಿ ಬಂದು ಒಲೆ ಆರಿಸಿದಳು. ಕುಕ್ಕರ್ ಕೂಗಿತು ಅಂದುಕೊಂಡಳಂತೆ.

ನಮ್ಮಪ್ಪ ಮಾತ್ರ ಯಾವ ಸದ್ದೂ ಮಾಡುತ್ತಿರಲಿಲ್ಲ. ಏಳುವ ಹೊತ್ತಿಗೆ ಸರಿಯಾಗಿ ಅವರಿಗೆ ಶೂ ಲೇಸ್ ಬಿಚ್ಚಿರುವುದು ಕಾಣಿಸುತ್ತಿತ್ತು. ಬಗ್ಗಿ ಲೇಸ್ ಕಟ್ಟಿಕೊಳ್ಳುತ್ತಿದ್ದರು, ಕಟ್ಟಿಕೊಳ್ಳುತ್ತಲೇ ಗೋಡೆಗೆ ಒಂದು ಕೈ ಕೊಡುತ್ತಿದ್ದರು, ಗೋಡೆಯ ಸುಣ್ಣ ಚೆನ್ನಾಗಿದೆ ಅನ್ನುತ್ತಿದ್ದರು, ಅಷ್ಟರಲ್ಲಿ ಎದ್ದು ನಿಂತಿರುತ್ತಿದ್ದರು. ನಮ್ಮ ಮನೆಯ ಗೋಡೆಗೆ ಅಪ್ಪನಷ್ಟು ಸರ್ಟಿಫಿಕೇಟು ಕೊಟ್ಟವರು ಇನ್ನೊಬ್ಬರಿಲ್ಲ.

ಅಪ್ಪ ಡ್ರಿಲ್ ಮೇಷ್ಟ್ರು. ಎಂಬತ್ತರ ದಶಕದ ಶುರು ಅದು. ನಾವಿದ್ದದ್ದು ತುಮಕೂರಿನಲ್ಲಿ, ರೈಲ್ವೆ ಸ್ಟೇಷನ್ನಿನ ಹತ್ತಿರದ ಒಂದು ಬಾಡಿಗೆ ಮನೆಯಲ್ಲಿ. ಅಪ್ಪ ದಿನಾ ಬೆಳಿಗ್ಗೆ ರೈಲಿನಲ್ಲಿ ಗುಬ್ಬಿಗೆ ಹೋಗಿ, ಅಲ್ಲಿನ ಹೈಸ್ಕೂಲಿನ ಹುಡುಗರನ್ನು ಬಿಸಿಲಲ್ಲಿ ನಿಲ್ಲಿಸಿ, ಸಾಯಂಕಾಲ ವಾಪಸ್ಸು ಬರುತ್ತಿದ್ದರು. ಬಿಳಿ ಪ್ಯಾಂಟು, ಸೀಮೆಸುಣ್ಣ ಬಳಿದ ಕ್ಯಾನ್ವಾಸ್ ಶೂ, ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸೀಟಿ. ಈ ಸೀಟಿ ಸ್ನಾನಕ್ಕೆ ಬಿಟ್ಟರೆ ಕೊರಳಿನಿಂದ ಇಳಿಯುತ್ತಿರಲಿಲ್ಲ. ಮದುವೆಯ ದಿನ ಧಾರೆಯ ಹೊತ್ತಿನಲ್ಲಿ ಅದು ಹಾರಕ್ಕೆ ಸಿಕ್ಕಿಕೊಂಡು ಪುರೋಹಿತರೇ ಬಿಡಿಸಬೇಕಾಯಿತು ಎಂದು ಅಮ್ಮ ಹೇಳುತ್ತಿದ್ದಳು. ಅಪ್ಪ ಅದನ್ನು ಒಪ್ಪುತ್ತಲೂ ಇರಲಿಲ್ಲ, ಅಲ್ಲಗಳೆಯುತ್ತಲೂ ಇರಲಿಲ್ಲ.

ಲೋಕದ ಸಮಸ್ತ ಕಾಯಿಲೆಗಳಿಗೂ ಅಪ್ಪನ ಪ್ರಕಾರ ಕಾರಣ ಒಂದೇ, ಸೋಮಾರಿತನ. ನೆಗಡಿ ಬಂದರೆ ಮೂಗಿನ ಸೋಮಾರಿತನ. ಹಲ್ಲುನೋವು ಬಂದರೆ ಕಬ್ಬು ಅಗಿಯದ ಸೋಮಾರಿತನ. ಲೆಕ್ಕದಲ್ಲಿ ನಾನು ಫೇಲಾದಾಗ ಅಮ್ಮ ಮಾರ್ಕ್ಸ್ ಕಾರ್ಡ್ ಹಿಡಿದುಕೊಂಡು ಗಾಬರಿಯಾದರೆ, ಅಪ್ಪ ನನ್ನನ್ನು ಅಂಗಳಕ್ಕೆ ಕರೆದು ಹಗ್ಗ ಕೊಟ್ಟು ಸ್ಕಿಪ್ಪಿಂಗ್ ಮಾಡಿಸಿದರು. ಆಮೇಲೂ ನಾನು ಫೇಲಾದೆ. ಆದರೆ ಸ್ಕಿಪ್ಪಿಂಗ್‌ನಲ್ಲಿ ನಮ್ಮ ಬೀದಿಗೇ ಫಸ್ಟು.

ಇಂಥ ಮನೆಗೆ ಒಂದು ಗಿನಿ ಪಿಗ್ ಬಂತು.

ತಂದವನು ನನ್ನ ಸೋದರಮಾವ ಸೀನ. ಅವನು ಬೆಂಗಳೂರಿನಲ್ಲಿ, ಪ್ರಯೋಗಾಲಯಗಳಿಗೆ ಪ್ರಾಣಿ ಸಾಕಿ ಕೊಡುವ ಕಡೆ ಕೆಲಸದಲ್ಲಿದ್ದ. ಅಲ್ಲಿ ಬೇಡವೆಂದು ಬಿಟ್ಟ ಒಂದನ್ನು ಬಿದಿರಿನ ಬುಟ್ಟಿಯಲ್ಲಿ ಇಟ್ಟುಕೊಂಡು, ಮೇಲೆ ಟವೆಲ್ ಹೊದಿಸಿಕೊಂಡು ಒಂದು ಭಾನುವಾರ ಬಂದ. ಅಮ್ಮ ಹಣ್ಣು ತಂದಿದ್ದಾನೆ ಅಂದುಕೊಂಡು ಕೈ ಹಾಕಿದಳು. ಹಣ್ಣು ‘ವೀಕ್’ ಅಂದಿತು.

“ಏನ್ಲಾ ಇದು?”

“ಗಿನಿ ಪಿಗ್ ಕಣಕ್ಕ. ಬಲೇ ಸಾಧು. ಪುಟ್ಟಿಗೆ ಆಟಕ್ಕೆ ಅಂತ ತಂದೆ.”

“ಪಿಗ್ಗು ಅಂದ್ರೆ?”

ಇಂಗ್ಲಿಷಿನಲ್ಲಾದರೂ ಪಾಸಾಗುತ್ತಿದ್ದ ನಾನು ಮುಂದೆ ಬಂದು, “ಹಂದಿ ಅಂತಮ್ಮಾ” ಅಂದೆ.

ಅಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಅವಳ ತವರು ಕುಣಿಗಲ್ ಹತ್ತಿರದ ಕೊತ್ತಗೆರೆ. ಸಿಟ್ಟು ಬಂದರೆ ತುಮಕೂರಿನ ಮಾತೆಲ್ಲ ಹಾರಿಹೋಗಿ ಊರಿನ ಮಾತೇ ಬರುತ್ತಿತ್ತು. “ಲೇ ಸೀನಾ, ನಮ್ಮಟ್ಟೀಲಿ ಹಸ ಸಾಕವ್ರೆ, ಎಮ್ಮೆ ಸಾಕವ್ರೆ, ಹಂದಿ ಯಾರೂ ಸಾಕಿಲ್ಲ ಕಣ್ಲಾ. ತಗಂಡೋಗ್ ಅದ್ನ.”

“ಹೆಸ್ರು ಮಾತ್ರ ಹಂದಿ ಕಣಕ್ಕ. ನಿಜ್ವಾಗ್ಲೂ ಅದು ಇಲಿ ಜಾತಿ.”

“ಇಲೀನಾ!”

ಸಮಾಧಾನ ಮಾಡಲು ಹೋಗಿ ಮಾವ ಇನ್ನೂ ಕೆಡಿಸಿದ. ಕೊನೆಗೆ ಉಳಿಸಿದ್ದು ಆ ಪ್ರಾಣಿಯೇ. ಅಮ್ಮ ಮಧ್ಯಾಹ್ನದ ಸಾರಿಗೆ ಕೊತ್ತಂಬರಿ ಸೋಸುತ್ತಾ ಕೂತಿದ್ದಾಗ ಬುಟ್ಟಿಯಿಂದ ಇಳಿದು ಬಂದು, ಅವಳು ಬಿಸಾಡಿದ ಕಡ್ಡಿಗಳನ್ನು ಒಂದೊಂದಾಗಿ, ನಾವು ಶ್ಯಾವಿಗೆ ಎಳೆದುಕೊಳ್ಳುವ ಹಾಗೆ ಬಾಯಿಗೆ ಎಳೆದುಕೊಂಡಿತು. ತಿಂದಾದ ಮೇಲೆ ಅಲ್ಲೇ ನಿಂತು ಒಂದು ಸಲ ಗಾಳಿಯಲ್ಲಿ ಸಿಡಿಯಿತು. ಹಾರಿದ್ದಲ್ಲ; ಬಾಣಲೆಯಲ್ಲಿ ಅರಳು ಸಿಡಿಯುತ್ತದಲ್ಲ, ಹಾಗೆ. ನಾಲ್ಕೂ ಕಾಲು ಒಟ್ಟಿಗೆ ಮೇಲೆ, ಮಧ್ಯದಲ್ಲಿ ಒಂದು ತಿರುವು, ಮತ್ತೆ ನೆಲಕ್ಕೆ. ಅಮ್ಮನಿಗೆ ನಗು ತಡೆಯಲಾಗಲಿಲ್ಲ. “ಥೂ ಮುಂಡೇದೇ” ಅಂದಳು. ಅಮ್ಮ ಹಾಗೆ ಅಂದರೆ ಅದಕ್ಕೆ ಮನೆಯಲ್ಲಿ ಜಾಗ ಸಿಕ್ಕಿತು ಎಂದು ಅರ್ಥ.

ಆದರೆ ಬೀದಿಗೆ ಏನು ಹೇಳುವುದು? ಅಮ್ಮ ಅದಕ್ಕೂ ದಾರಿ ಕಂಡುಕೊಂಡಳು. ಕೇಳಿದವರಿಗೆಲ್ಲ, “ಮೊಲ ಕಣ್ರೀ. ಫಾರಿನ್ ಮೊಲ. ಇನ್ನೂ ಕಿವಿ ಬಂದಿಲ್ಲ” ಅಂದುಬಿಟ್ಟಳು. ಪಕ್ಕದ ಮನೆಯ ಲಲಿತಮ್ಮನವರು ಬಹಳ ಕಾಲ ಬಚ್ಚಲಿಗೆ ನೀರು ತುಂಬುವಾಗ ಕಾಂಪೌಂಡಿನ ಮೇಲಿಂದ ಬಗ್ಗಿ, “ಕಿವಿ ಬಂತೇನ್ರೀ?” ಅಂತ ವಿಚಾರಿಸಿಕೊಳ್ಳುತ್ತಿದ್ದರು.

ಹೆಸರಿಟ್ಟದ್ದು ಅಪ್ಪ. ಮೊದಲ ದಿನ ಅವರು ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ಅಂಗಳದಲ್ಲಿ ನಿಂತು ಸೀಟಿಗೆ ಸೇರಿಕೊಂಡಿದ್ದ ಧೂಳು ಹೋಗಲೆಂದು ಜೋರಾಗಿ ಒಮ್ಮೆ ಊದಿದರು. ಒಳಗಿನಿಂದ ‘ವೀಈಈಕ್’ ಎಂದು ಉತ್ತರ ಬಂತು. ಅಪ್ಪ ಸೀಟಿಯನ್ನು ತಿರುಗಿಸಿ ನೋಡಿದರು. ಮತ್ತೆ ಊದಿದರು. ಮತ್ತೆ ಉತ್ತರ. ಮೂರನೇ ಸೀಟಿಗೆ ಆ ಪ್ರಾಣಿ ಹೊಸಿಲು ದಾಟಿ ಓಡಿ ಬಂದು ಅವರ ಕ್ಯಾನ್ವಾಸ್ ಶೂ ಮುಂದೆ ನಿಂತಿತು.

“ಜಯಾ! ಬಾ ಇಲ್ಲಿ!” ಎಂದು ಅಪ್ಪ ಅಮ್ಮನನ್ನು ಕೂಗಿದರು. “ಇಷ್ಟು ವರ್ಷದ ಸರ್ವೀಸಲ್ಲಿ ಸೀಟಿ ಹೊಡೆದ ತಕ್ಷಣ ಬಂದು ನಿಂತ್ಕೊಂಡೋನು ಇವನೊಬ್ಬನೇ ಕಣೇ!”

ಅಂದಿನಿಂದ ಅವನು ಹವಾಲ್ದಾರ.

ಹವಾಲ್ದಾರನ ಮೊದಲ ವರ್ಷಗಳು ರಾಜಭೋಗದವು. ಅಮ್ಮ ಸೋಸಿದ ಸೊಪ್ಪಿನ ಕಡ್ಡಿ, ಸೀಬೆಹಣ್ಣಿನ ಸಿಪ್ಪೆ, ಹಿತ್ತಲಿನ ಗರಿಕೆ. ಸಂಜೆ ಅಪ್ಪನ ರೈಲು ಬಂದು, ಬೀದಿಯ ತುದಿಯಲ್ಲಿ ಅವರ ಸೀಟಿ ಕೇಳಿದರೆ ಸಾಕು, ಒಳಗಿನಿಂದ ಇವನೂ ಶುರು. ಸಾರು ಬಿಸಿಗಿಡಲು ಅಮ್ಮನಿಗೆ ಗಡಿಯಾರ ಬೇಕಾಗುತ್ತಿರಲಿಲ್ಲ.

ಕೆಟ್ಟದ್ದು ಒಂದು ಮಳೆಗಾಲದಲ್ಲಿ. ಒದ್ದೆ ಹುಲ್ಲು ತಿಂದು ಹವಾಲ್ದಾರನಿಗೆ ಹೊಟ್ಟೆ ಕೆಟ್ಟಿತು. ಅಪ್ಪ ಆಡಳಿತ ಕೈಗೆ ತೆಗೆದುಕೊಂಡರು. “ಸೊಪ್ಪುಗಿಪ್ಪು ಬೇಡ. ಸೊಪ್ಪು ತಿಂದು ಯಾರಾದ್ರೂ ಪೈಲ್ವಾನ್ ಆಗಿದಾರಾ?” ಎಂದು ಅವನಿಗೆ ಗರಡಿಯ ಊಟ ಗೊತ್ತು ಮಾಡಿದರು. ನೆನೆಸಿದ ಕಡಲೆಕಾಳು, ಕಡಲೆಕಾಯಿ ಬೀಜ, ಬೇಕರಿಯ ಬನ್ನು. ಮಲಗಲು ಹುಲ್ಲು ಹಾಸಿದ್ದ ಪೆಟ್ಟಿಗೆ ಹೋಗಿ ಬರೀ ಸಿಮೆಂಟು ನೆಲ ಬಂತು. ಮೆತ್ತಗೆ ಮಲಗಿದರೆ ಮೈ ಮೆತ್ತಗಾಗುತ್ತದಂತೆ. ಹವಾಲ್ದಾರನ ಹೊಟ್ಟೆ ಸರಿಹೋಯಿತು, ಮೈಯೂ ತುಂಬಿತು. ಅಪ್ಪ ಅವನನ್ನು ಎತ್ತಿ ಬಂದವರಿಗೆಲ್ಲ ತೋರಿಸಿ, “ಹೇಗಾಗಿದಾನೆ ನೋಡಿ!” ಅನ್ನುತ್ತಿದ್ದರು. ಲಲಿತಮ್ಮನವರು, “ಎಲ್ಲಾ ಮೈಗೇ ಹೋಯ್ತು. ಕಿವಿಗೇನೂ ಉಳೀಲಿಲ್ಲ” ಎಂದರು.

ಆಮೇಲೆ ಸ್ವಲ್ಪ ದಿನಕ್ಕೆ ಹವಾಲ್ದಾರ ಸಿಡಿಯುವುದನ್ನು ನಿಲ್ಲಿಸಿದ. ನಮಗೆ ಅದು ಗೊತ್ತೇ ಆಗಲಿಲ್ಲ. ನಿಂತುಹೋದದ್ದು ಯಾವತ್ತು ನಿಂತಿತು ಎಂದು ಯಾರು ನೋಡುತ್ತಾರೆ ಹೇಳಿ. ಅಪ್ಪನ ಸೀಟಿಗೆ ಉತ್ತರ ಬರುತ್ತಿತ್ತು, ಅವನು ಬರುತ್ತಿರಲಿಲ್ಲ. ಬಂದರೂ ಹಿಂದಿನ ಎರಡು ಕಾಲನ್ನು ಒಟ್ಟಿಗೆ ಎಳೆದುಕೊಂಡು, ಕುಪ್ಪಳಿಸಿಕೊಂಡು ಬರುತ್ತಿದ್ದ. “ನೋಡಿ, ಈಗ ಮೊಲದ ಥರಾನೇ ನಡೀತಿದೆ” ಎಂದು ಅಮ್ಮನಿಗೆ ಒಂದು ಗಳಿಗೆ ಖುಷಿಯೂ ಆಗಿತ್ತು. ಬೆಳಿಗ್ಗೆ ಹೊತ್ತು ಅಡುಗೆಮನೆಯ ಮೂಲೆ ಬಿಟ್ಟು ಕದಲುತ್ತಿರಲಿಲ್ಲ. ಯಾವಾಗಲೂ ಮೈ ನೆಕ್ಕಿ ನೆಕ್ಕಿ ಇಸ್ತ್ರಿ ಮಾಡಿದ ಹಾಗೆ ಇಟ್ಟುಕೊಳ್ಳುತ್ತಿದ್ದವನ ಹಿಂಭಾಗದ ಕೂದಲು ಗಲೀಜಾಗಿ ಗಂಟುಕಟ್ಟಿತು. ನಾನು ಎತ್ತಿಕೊಳ್ಳಲು ಹೋದರೆ ಹಲ್ಲು ಕಟಕಟ ಎನ್ನಿಸುತ್ತಿದ್ದ. ನನ್ನ ಮೇಲೆ ಅವನಿಗೇನೋ ಕೋಪ ಅಂದುಕೊಂಡು ನಾನೂ ಮುನಿಸಿಕೊಂಡು ಮಾತು ಬಿಟ್ಟೆ. ಗಿನಿ ಪಿಗ್ ಜೊತೆ ಟೂ ಬಿಟ್ಟವಳು ತುಮಕೂರಿನಲ್ಲಿ ನಾನೊಬ್ಬಳೇ ಇರಬೇಕು.

ಅಪ್ಪನಿಗೆ ಕಾರಣ ಹುಡುಕಬೇಕಾಗಿರಲಿಲ್ಲ. “ಸೋಮಾರಿತನ” ಅಂದರು.

ಮಾರನೆಯ ಬೆಳಿಗ್ಗೆಯಿಂದ ಹವಾಲ್ದಾರನಿಗೆ ಡ್ರಿಲ್ ಶುರುವಾಯಿತು. ಅಂಗಳದಲ್ಲಿ ಎರಡು ಸಾಲು ಇಟ್ಟಿಗೆ ಜೋಡಿಸಿ ಅಪ್ಪ ಟ್ರ್ಯಾಕ್ ಮಾಡಿದರು. ಒಂದು ತುದಿಗೆ ಹವಾಲ್ದಾರ, ಇನ್ನೊಂದು ತುದಿಗೆ ಕಡಲೆಕಾಯಿ ಬೀಜ. “ರೆಡೀ…” ಎಂದು ಸೀಟಿ ಊದುತ್ತಿದ್ದರು. ಹವಾಲ್ದಾರ ಕೂತಲ್ಲೇ ಕೂತು ‘ವೀಕ್’ ಅನ್ನುತ್ತಿದ್ದ. ಅಪ್ಪ ಮತ್ತೆ ಊದುತ್ತಿದ್ದರು. ಅವನು ಮತ್ತೆ ‘ವೀಕ್’. ಹೀಗೆ ಇಬ್ಬರೂ ಕದಲದೆ ಸೀಟಿ ಊದಿಕೊಂಡು ಕೂತರೆ ಬೀದಿಯವರೆಲ್ಲ ಎದ್ದು ಕೂರುತ್ತಿದ್ದರು.

ಅಮ್ಮ ರಂಗೋಲಿ ಡಬ್ಬ ಹಿಡಿದುಕೊಂಡು ನೋಡಿದಳು. “ಅದೂ ಕೂತೈತೆ, ನೀವೂ ನಿಂತಲ್ಲೇ ನಿಂತಿದೀರಿ. ಇಬ್ರಲ್ಲಿ ಯಾರಿಗ್ರೀ ಡ್ರಿಲ್ಲು?”

“ಕಮಾಂಡ್ ಕೊಡೋನು ಓಡಲ್ಲ ಕಣೇ.”

“ಮುಂಚೆ ಓಡ್ತಿದ್ರಲ್ಲ.”

ಅಪ್ಪನಿಗೆ ಆಗ ಶೂ ಲೇಸ್ ಬಿಚ್ಚಿರುವುದು ಕಾಣಿಸಿತು.

ಅಮ್ಮ ಹವಾಲ್ದಾರನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಹಿಂಗಾಲನ್ನು ಬೆರಳ ತುದಿಯಿಂದ ಮುಟ್ಟಿದಳು. ಅವನು ಕಿರುಚಿದ. ಅದು ಸೀಟಿಯಲ್ಲ, ಬೇರೆಯೇ ದನಿ. ನಾವು ಯಾರೂ ಅದನ್ನು ಅದುವರೆಗೆ ಕೇಳಿರಲಿಲ್ಲ. ನನಗೆ ಅಳು ಬಂದುಬಿಟ್ಟಿತು.

“ಬುಡ್ರಿ ಇದ್ನ,” ಅಂದಳು ಅಮ್ಮ. “ಸೋಮಾರಿಯೂ ಅಲ್ಲ, ಎಂಥದೂ ಅಲ್ಲ. ಇದ್ಕೆ ಮಂಡಿ ಊದೈತೆ. ನೋಯ್ತೈತೆ.”

ಅಪ್ಪ ಒಪ್ಪಿದರು ಎಂದಲ್ಲ. ಆದರೆ ಅವತ್ತು ಸಂಜೆ ರೈಲಿಳಿದು ಬರುವಾಗ ನೋವಿನೆಣ್ಣೆಯ ಒಂದು ದೊಡ್ಡ ಬಾಟಲಿ ತಂದರು. “ಹವಾಲ್ದಾರನಿಗೆ” ಅಂದರು. ಹವಾಲ್ದಾರನ ನಾಲ್ಕೂ ಕಾಲು ಸೇರಿಸಿದರೆ ನನ್ನ ಕಿರುಬೆರಳಿನಷ್ಟಿಲ್ಲ. ಬಾಟಲಿ ಮಾತ್ರ ಬಹಳ ಬೇಗ ಖಾಲಿಯಾಗುತ್ತಾ ಬಂತು. ಬಚ್ಚಲುಮನೆಯ ಬಾಗಿಲು ತೆಗೆದರೆ ಆ ಎಣ್ಣೆಯ ಗಂಧಪೂರದ ವಾಸನೆ ಗುಮ್ಮೆಂದು ಬರುತ್ತಿತ್ತು, ಹವಾಲ್ದಾರನೋ ಬಚ್ಚಲಿಗೆ ಹೋದವನೇ ಅಲ್ಲ. ಅಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಅಪ್ಪನ ಬಿಳಿ ಪ್ಯಾಂಟಿನ ಮಂಡಿಯ ಹತ್ತಿರದ ಎಣ್ಣೆಕಲೆ ನೋಡಿ, ಪ್ಯಾಂಟನ್ನು ಸೋಪಿನ ನೀರಿಗೆ ಹಾಕಿದಳು.

ಹವಾಲ್ದಾರ ಮಾತ್ರ ದಿನದಿನಕ್ಕೆ ಕುಗ್ಗಿದ. ತಟ್ಟೆ ಬಾಯಿಯ ಹತ್ತಿರ ಇಟ್ಟರೆ ಒಂದಿಷ್ಟು ತಿನ್ನುವುದು, ಇಲ್ಲದಿದ್ದರೆ ಇಲ್ಲ. ಒಂದು ದಿನ ಅಪ್ಪನ ಸೀಟಿಗೆ ಉತ್ತರವೂ ಬರಲಿಲ್ಲ. ಅಪ್ಪ ಬೀದಿಯಲ್ಲೇ ನಿಂತು ಇನ್ನೊಂದು ಸಲ ಊದಿದರು. ಆಮೇಲೆ ಒಳಗೆ ಬಂದು ಶೂ ಕೂಡ ಬಿಚ್ಚದೆ, “ಜಯಾ, ನಿಮ್ಮಣ್ಣನ ಹಸು ನೋಡಿದ್ರಲ್ಲ, ಕುಣಿಗಲ್ ಡಾಕ್ಟ್ರು, ಅವರು ಭಾನುವಾರ ಸಿಕ್ತಾರಾ?” ಎಂದು ಕೇಳಿದರು.

ಕುಣಿಗಲ್ಲಿಗೆ ಮೂವರೂ ಹೊರಟೆವು. ಬುಟ್ಟಿ ನನ್ನ ತೊಡೆಯ ಮೇಲೆ. ಕಿಟಕಿಯ ಪಕ್ಕ ಅಮ್ಮ, ಈ ಕಡೆ ಅಪ್ಪ. ಹವಾಲ್ದಾರ ಕಣ್ಣು ಅರ್ಧ ಮುಚ್ಚಿಕೊಂಡು ಕೂದಲುಬ್ಬಿಸಿಕೊಂಡು ಬುಟ್ಟಿಯ ತಳದಲ್ಲಿ ಕೂತಿದ್ದ. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ನಾನು ಬುಟ್ಟಿಯನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತಿದ್ದೆ. ಅಪ್ಪ ತಮ್ಮ ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಹಿಡಿಯುತ್ತಿದ್ದರು.

ಹೆಬ್ಬೂರಿನಲ್ಲಿ ಒಬ್ಬ ಹೆಂಗಸು ಕೊತ್ತಂಬರಿ ಸೊಪ್ಪಿನ ಗಂಟು ಹೊತ್ತುಕೊಂಡು ಹತ್ತಿದಳು. ಗಂಟನ್ನು ನಮ್ಮ ಸೀಟಿನ ಮುಂದೆಯೇ, ಬುಟ್ಟಿಗೆ ತಾಗುವ ಹಾಗೆ ಇಳಿಸಿದಳು. ಬಸ್ಸಿಗೆಲ್ಲ ಸೊಪ್ಪಿನ ಘಮ. ಬಸ್ಸು ಹೊರಟು ವೇಗ ಹಿಡಿಯಿತು, ಬುಟ್ಟಿಯಿಂದ ‘ವೀಈಈಈಕ್’ ಎಂದು ಬಂತು ನೋಡಿ! ಅಷ್ಟು ದಿನ ಉಳಿಸಿಟ್ಟಿದ್ದನ್ನೆಲ್ಲ ಸೇರಿಸಿ ಊದಿದ ಹಾಗಿತ್ತು. ಡ್ರೈವರ್ ಬ್ರೇಕ್ ಹಾಕಿಯೇಬಿಟ್ಟ. ನಿಂತಿದ್ದವರೆಲ್ಲ ಮುಂದಕ್ಕೆ ಜೋಲಿ ಹೊಡೆದರು.

“ಯಾರ್ರೀ ಇಳಿಯೋರು?” ಡ್ರೈವರ್ ಹಿಂದೆ ತಿರುಗಿದ.

“ನಾನು ವಿಷಲ್ ಹೊಡ್ದೇ ಇಲ್ಲ ಕಣಣ್ಣೋ!” ಕಂಡಕ್ಟರ್ ಕೈಯಲ್ಲಿದ್ದ ಟಿಕೆಟ್ ಕಟ್ಟು ಮೇಲೆತ್ತಿ ಸಾಕ್ಷಿ ತೋರಿಸಿದ. ಆಮೇಲೆ ಬಸ್ಸನ್ನೆಲ್ಲ ಒಂದು ಸುತ್ತು ನೋಡಿದ. ಅವನ ಕಣ್ಣು ಅಪ್ಪನ ಕೊರಳಿನ ಕಪ್ಪು ದಾರದ ಮೇಲೆ, ದಾರದ ತುದಿಯ ಸೀಟಿಯ ಮೇಲೆ ಬಂದು ನಿಂತಿತು.

“ಏನ್ ಮೇಷ್ಟ್ರೇ, ಇದು ನಿಮ್ ಸ್ಕೂಲ್ ಗ್ರೌಂಡಾ?”

“ನಾನಲ್ಲಪ್ಪಾ, ಇವನು,” ಎಂದು ಅಪ್ಪ ಬುಟ್ಟಿ ತೋರಿಸಿದರು. ಹವಾಲ್ದಾರ ಗಪ್‌ಚಿಪ್.

“ಪಾಪ, ಮಗೀನ್ ಮೇಲ್ ಹಾಕ್ತವ್ರೆ,” ಎಂದು ಹಿಂದಿನ ಸೀಟಿನ ಅಜ್ಜ ನನ್ನ ಕಡೆ ಕರುಣೆಯಿಂದ ನೋಡಿದ. ಅಷ್ಟರಲ್ಲಿ ಸೊಪ್ಪಿನ ಹೆಂಗಸು, “ಅಯ್ ನನ್ ಸೊಪ್ಪು!” ಎಂದು ಕೂಗಿದಳು. ಹವಾಲ್ದಾರ ಬುಟ್ಟಿಯ ಸಂದಿಯಿಂದ ಮೂತಿ ತೂರಿಸಿ ಅವಳ ಗಂಟಿನಿಂದ ಒಂದೊಂದೇ ದಂಟು ಎಳೆದು ತಿನ್ನುತ್ತಿದ್ದ. ಬಸ್ಸಿಗೆ ಬಸ್ಸೇ ಎದ್ದು ನಿಂತು ನೋಡಿತು. ಆ ತಾಯಿ ಬೈಯುವಳೇನೋ ಅಂದುಕೊಂಡರೆ, ಬಗ್ಗಿ ನೋಡಿ, “ಉಪಾಸ ಇತ್ತೇನವ್ವಾ ಇದು? ತಿನ್ಲಿ ಬುಡು” ಎಂದು ಒಂದು ಕಟ್ಟನ್ನೇ ಬುಟ್ಟಿಗೆ ಹಾಕಿದಳು. ಕುಣಿಗಲ್ ಬರುವ ಹೊತ್ತಿಗೆ ಕಟ್ಟು ಮುಗಿದಿತ್ತು.

ಡಾಕ್ಟರು ತೆಳ್ಳಗೆ ಉದ್ದಕ್ಕೆ ಇದ್ದರು. ಕುಣಿಗಲ್ಲಿನಲ್ಲಿ ರೇಸಿನ ಕುದುರೆ ಸಾಕುತ್ತಿದ್ದರಲ್ಲ, ಅಲ್ಲಿ ಕುದುರೆಗಳ ಕಾಲು ನೋಡಿ ಪಳಗಿದವರು. ನಾವು ಬುಟ್ಟಿ ಬಿಚ್ಚಿದಾಗ ಅವರಿಗೆ ನಗುವೂ ಬಂತು, ಕುತೂಹಲವೂ ಬಂತು. “ಕಾಲೇಜಲ್ಲಿ ಓದಿದ್ದು ಬಿಟ್ರೆ ಇದನ್ನ ಹಿಡ್ಕೊಂಡು ಬಂದೋರು ನೀವೇ ಮೊದ್ಲು” ಅಂದರು. ಜಗಲಿಯ ಮೇಲೆ ಕಂಬಳಿ ಹಾಸಿ, ಹವಾಲ್ದಾರನನ್ನು ಬಿಟ್ಟು, ತಾವು ನೆಲದ ಮೇಲೆ ಬೋರಲು ಮಲಗಿದರು.

“ಕುದುರೆ ಆದ್ರೆ ನಿಂತ್ಕೊಂಡು ನೋಡ್ಬೋದು. ಇವನ ನಡಿಗೆ ನೋಡ್ಬೇಕಾದ್ರೆ ಇವನಷ್ಟೇ ಎತ್ತರಕ್ಕೆ ಇಳೀಬೇಕು” ಎಂದು ಗಲ್ಲ ಕಂಬಳಿಗೆ ಒತ್ತಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಒಂದೊಂದೇ ಕೀಲನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ಉಗುರು ನೋಡಿದರು, ಅಂಗಾಲು ನೋಡಿದರು, ಹಲ್ಲಿನ ವಸಡು ನೋಡಿದರು. ಏನು ತಿನ್ನಿಸುತ್ತೀರಿ ಎಂದು ಕೇಳಿದರು. ಅಪ್ಪ ಎದೆಯುಬ್ಬಿಸಿ ಗರಡಿಯ ಊಟ ವಿವರಿಸಿದರು. ಅಮ್ಮ ಬಸ್ಸಿನ ಕೊತ್ತಂಬರಿ ಕಥೆ ಹೇಳಿದಳು.

“ಅವನೇ ಔಷಧಿ ಹೇಳ್ಬಿಟ್ಟಿದಾನಲ್ಲ!” ಡಾಕ್ಟರು ಎದ್ದು ಕೂತರು. “ಹಸು, ಕುದುರೆ, ನಾಯಿ, ಇವಕ್ಕೆಲ್ಲ ಸಿ ವಿಟಮಿನ್ ಮೈಯಲ್ಲೇ ತಯಾರಾಗುತ್ತೆ. ನಮಗೆ ಆಗಲ್ಲ, ಇವನಿಗೂ ಆಗಲ್ಲ. ಸೊಪ್ಪು ನಿಲ್ಸಿದ್ರಿ, ಕೀಲು ಊದ್ಕೊಳ್ತು. ಅದರ ಮೇಲೆ ತೂಕ ಹೆಚ್ಚು, ಕೆಳಗೆ ಸಿಮೆಂಟು. ವಯಸ್ಸೂ ಆಗಿದೆ. ಎಷ್ಟು ದಿನದಿಂದ ಹೀಗೆ?”

“ಕುಂಟಿದ್ದೇ ಇಲ್ಲ ಡಾಕ್ಟ್ರೇ,” ಅಂದರು ಅಪ್ಪ. “ಮುಟ್ಟಿದಾಗ ಬಿಟ್ರೆ ಒಂದು ದಿನ ಅತ್ತಿಲ್ಲ, ಕೂಗಿಲ್ಲ. ಸುಮ್ನೆ ಕೂತಿರ್ತಿದ್ದ. ನಾನು ಸೋಮಾರಿತನ ಅಂದ್ಕೊಂಡೆ.”

“ಕೂಗಲ್ಲ ಮೇಷ್ಟ್ರೇ. ಇವು ಹದ್ದು, ನರಿಗೆ ಹೆದರ್ಕೊಂಡು ಬದುಕಿದ ಜಾತಿ. ನೋವು ತೋರಿಸ್ಕೊಂಡ್ರೆ ಮೊದ್ಲು ಅವನನ್ನೇ ಎತ್ಕೊಂಡು ಹೋಗ್ತವೆ. ಅದಕ್ಕೇ ಕೊನೇವರೆಗೂ ಚೆನ್ನಾಗಿದೀನಿ ಅಂತ ನಟಿಸ್ತವೆ. ಕುಣಿಯೋದು ಬಿಡ್ತವೆ, ಮೈ ತೊಳ್ಕೊಳೋದು ಬಿಡ್ತವೆ, ಮುಟ್ಟಿದ್ರೆ ಸಿಡುಕ್ತವೆ, ಎಲ್ಲದಕ್ಕೂ ಒಂದು ಮೂಲೆ ಹುಡುಕ್ತವೆ. ಅಷ್ಟರಲ್ಲಿ ನಾವೇ ಅರ್ಥ ಮಾಡ್ಕೋಬೇಕು.”

ಅಮ್ಮ ಅಪ್ಪನ ಕಡೆ ನೋಡಲಿಲ್ಲ. ಕಂಬಳಿಯ ಅಂಚಿನ ದಾರ ಕೀಳುತ್ತಾ ಕೂತಿದ್ದಳು. ನೋವಿನೆಣ್ಣೆ ಹಚ್ಚಿದ ವಿಷಯ ಕೇಳಿ ಡಾಕ್ಟರು ಹಣೆ ಚಚ್ಚಿಕೊಂಡರು. ನೆಕ್ಕಿಕೊಂಡರೆ ಗತಿಯೇನು, ಒಂದು ತೊಟ್ಟೂ ಮುಟ್ಟಿಸಬೇಡಿ ಅಂದರು. “ಬಾಟಲಿ ಉಳಿದಿದ್ರೆ ಬಿಸಾಕಿ.”

“ಖಾಲಿ ಆಗೋಗೈತೆ ಡಾಕ್ಟ್ರೇ,” ಅಂದಳು ಅಮ್ಮ.

ಹೊರಡುವಾಗ ಅಪ್ಪ ಬೆಂಚಿನಿಂದ ಏಳಲು ಪಕ್ಕದ ಮೇಜಿನ ಅಂಚು ಹಿಡಿದರು. ಡಾಕ್ಟರು ಕುದುರೆಗಳನ್ನು ನೋಡುವ ಕಣ್ಣಿನಿಂದಲೇ ಅದನ್ನು ನೋಡಿದರು. “ಮೇಷ್ಟ್ರೇ, ಮೇಜು ಯಾಕೆ ಹಿಡ್ಕೊಂಡ್ರಿ?”

“ಒಳ್ಳೇ ಮೇಜು,” ಅಂದರು ಅಪ್ಪ. “ಹಲಸಿನ ಮರದ್ದಾ?”

“ನಾನು ಮನುಷ್ಯರಿಗೆ ಔಷಧಿ ಕೊಡೋ ಹಾಗಿಲ್ಲ,” ಎಂದು ಡಾಕ್ಟರು ನಕ್ಕರು. “ಆದ್ರೆ ಕುದುರೆ ಹಾಗೆ ಎದ್ದಿದ್ರೆ ರೇಸಿಗೆ ಬಿಡ್ತಿರ್ಲಿಲ್ಲ.”

ವಾಪಸ್ಸು ಬರುವಾಗ ಬಸ್ಸಿನಲ್ಲಿ ಬುಟ್ಟಿ ಅಪ್ಪನ ತೊಡೆಯ ಮೇಲಿತ್ತು.

ಗರಡಿ ಊಟ ಅವತ್ತಿಗೇ ಬಂದ್. ದಿನಾ ಕೊತ್ತಂಬರಿ, ಸೀಬೆಹಣ್ಣು, ದಪ್ಪ ಮೆಣಸಿನಕಾಯಿಯ ಒಂದು ತುಂಡು. ಡಾಕ್ಟರು ಬರೆದುಕೊಟ್ಟ ಹುಳಿ ಮಾತ್ರೆಯ ಪುಡಿ. ತುಳಸಿ ಹಬ್ಬಕ್ಕೆ ತಂದ ನೆಲ್ಲಿ ಕೊಂಬೆಯಲ್ಲಿ ಕಾಯಿಗಳಿದ್ದವು. ಪೂಜೆ ಮುಗಿದ ಮೇಲೆ ಅಮ್ಮ ಅವನ್ನು ಸಣ್ಣಗೆ ಹೆಚ್ಚಿ ಹವಾಲ್ದಾರನಿಗೆ ಪ್ರಸಾದ ಅಂತ ಕೊಟ್ಟಳು. ಮೊದಲ ಚೂರಿಗೆ ಅವನು ಮುಖ ಹೇಗೆ ಕಿವುಚಿಕೊಂಡ ಎಂದರೆ ಆ ಕಿವುಚಿದ ಮುಖ ನೋಡಲೆಂದೇ ನಾನು ಅವನ ಜೊತೆ ರಾಜಿಯಾದೆ. ಅವನ ಹಾಸಿಗೆಗೆ ಅಪ್ಪನ ಹಳೆಯ ಬನಿಯನ್ನುಗಳು ಹೋದವು. ಅಪ್ಪ ಬೋರಲು ಮಲಗಿ ಅವನ ನಡಿಗೆ ನೋಡುವುದನ್ನು ಕಲಿತರು. ಮಲಗುವುದೇನೋ ಸುಲಭ, ಏಳುವುದು ಸುಲಭವಿರಲಿಲ್ಲ. ಹಾಗಾಗಿ ಎಷ್ಟೋ ಸಲ ಬೇಕಾದ್ದಕ್ಕಿಂತ ಹೆಚ್ಚೇ ನೋಡುತ್ತಿದ್ದರು.

ಕೆಲವು ವಾರ ಕಳೆಯಿತು. ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತಾ ನಿಂತಿದ್ದೆ. ಹವಾಲ್ದಾರ ಬನಿಯನ್ನಿನ ಮೇಲಿಂದ ಇಳಿದು ಬಂದ, ನಿಂತ, ಏನೋ ನೆನಪು ಮಾಡಿಕೊಂಡವನ ಹಾಗೆ ಮೂತಿ ಎತ್ತಿದ, ಸಿಡಿದ. ಮೊದಲಿನಷ್ಟು ಎತ್ತರವಿಲ್ಲ, ಅರ್ಧ ಹುರಿದ ಅರಳು. ನಾನು ಬಾಯಿತುಂಬ ನೊರೆ ಇಟ್ಟುಕೊಂಡೇ ಕಿರುಚಿದೆ. ಹಿಂಗಾಲಿನ ಬಿಗಿತ ಅವನಿಗೆ ಪೂರ್ತಿ ಹೋಗಲಿಲ್ಲ, ಚಳಿ ಬಿದ್ದ ದಿನ ಬಿಸಿಲು ಬರುವವರೆಗೂ ಏಳುತ್ತಿರಲಿಲ್ಲ. ನಾವೂ ಏಳಿಸುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಗುಬ್ಬಿಯ ಸ್ಕೂಲಿನಲ್ಲಿ ಸ್ಪೋರ್ಟ್ಸ್ ಡೇ. ಮಾರ್ಚ್‌ಪಾಸ್ಟಿನಲ್ಲಿ ಎಲ್ಲರಿಗಿಂತ ಮುಂದೆ, ಕತ್ತಿಯ ಹಾಗೆ ನೆಟ್ಟಗೆ ನಡೆಯುವುದು ಅಪ್ಪನ ಹಕ್ಕು. ಅದಕ್ಕಾಗಿ ಅವರು ವರ್ಷವೆಲ್ಲ ಬದುಕುತ್ತಿದ್ದರು ಅಂದರೂ ಸರಿಯೇ. ಆ ವರ್ಷ ಹಿಂದಿನ ದಿನ ಶೂಗೆ ಸೀಮೆಸುಣ್ಣ ಬಳಿಯುತ್ತಾ, ತಲೆ ಎತ್ತದೆ, “ಹೆಡ್‌ಮೇಷ್ಟ್ರಿಗೆ ಹೇಳ್ಬಿಟ್ಟೆ ಕಣೇ. ನಾಳೆ ನಾನು ಪಕ್ಕದಲ್ಲಿ ಕೂತು ಕಮಾಂಡ್ ಕೊಡ್ತೀನಿ” ಅಂದರು. ಅಮ್ಮ “ಹೂಂ” ಅಂದಳು ಅಷ್ಟೇ. ಆದರೆ ಯಾವತ್ತೂ ಸ್ಪೋರ್ಟ್ಸ್ ಡೇಗೆ ಬಾರದವಳು, ನಾಳೆ ನಾನೂ ಬರ್ತೀನಿ ಎಂದು ಒಳ್ಳೆಯ ಸೀರೆ ತೆಗೆದಿಟ್ಟಳು.

ಮೈದಾನದ ಅಂಚಿನಲ್ಲಿ ಅಪ್ಪನಿಗೆ ಒಂದು ಕುರ್ಚಿ ಹಾಕಿದ್ದರು. ನಾನೂ ಅಮ್ಮನೂ ಶಾಮಿಯಾನದ ಕೆಳಗೆ. ಹೆಡ್‌ಮೇಷ್ಟ್ರು ಅಮ್ಮನ ಹತ್ತಿರ ಬಂದು ನಮಸ್ಕಾರ ಮಾಡಿ, ದನಿ ತಗ್ಗಿಸಿ ಹೇಳಿದರು: “ಅಂತೂ ಒಪ್ಕೊಂಡ್ರಲ್ಲ ತಾಯೀ. ಎರಡು ಮೂರು ವರ್ಷದಿಂದ ನೋಡ್ತಿದೀವಿ. ಹೇಳೋಕೆ ಯಾರಿಗೂ ಧೈರ್ಯ ಇರ್ಲಿಲ್ಲ. ಹುಡುಗರೇ ಅವರವರೇ ಮಾತಾಡ್ಕೊಂಡು ಹೆಜ್ಜೆ ಸಣ್ಣದು ಮಾಡ್ಕೊಂಡಿದ್ರು, ಮೇಷ್ಟ್ರು ಹಿಂದೆ ಬೀಳಬಾರ್ದು ಅಂತ. ಬ್ಯಾಂಡಿನವರಿಗೂ ನಿಧಾನಕ್ಕೆ ಬಾರಿಸಿ ಅಂತ ಹೇಳ್ತಿದ್ವಿ.”

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ.

ಅಪ್ಪ ಕುರ್ಚಿಯಿಂದ ಸೀಟಿ ಊದಿದರು. ಬ್ಯಾಂಡ್ ಶುರುವಾಯಿತು. ಮುಂದೆ ಕಾಯಬೇಕಾದ ಮೇಷ್ಟ್ರ ಬೆನ್ನಿಲ್ಲದೆ ಹುಡುಗರು ಬಿಟ್ಟ ಬಾಣದ ಹಾಗೆ ಹೊರಟರು. ಒಂದೇ ಹೆಜ್ಜೆ, ಒಂದೇ ಕೈ, ಧೂಳು ಮೇಲಕ್ಕೆ. ಹಳೆಯ ಅಭ್ಯಾಸದಲ್ಲಿ ನಿಧಾನಕ್ಕೆ ಬಾರಿಸುತ್ತಿದ್ದ ಬ್ಯಾಂಡಿನವರು ಹಿಂದೆ ಬಿದ್ದು, ಡೋಲು ಹಿಡಿದುಕೊಂಡು ಓಡತೊಡಗಿದರು. ಅಪ್ಪ ಕುರ್ಚಿ ಬಿಟ್ಟು ಎದ್ದು, “ಲೋ, ನಿಧಾನ! ನಿಧಾನ ಕಣ್ರೋ!” ಎಂದು ಕೂಗಿದರು. ಡ್ರಿಲ್ ಮೇಷ್ಟ್ರ ಬಾಯಲ್ಲಿ ಆ ಮಾತು ಕೇಳಿ ಇಡೀ ಮೈದಾನ ಚಪ್ಪಾಳೆ ತಟ್ಟಿತು. ಹುಡುಗರು ಇನ್ನೂ ಜೋರಾಗಿ ನಡೆದರು.

ಸಾಯಂಕಾಲದ ರೈಲು ಖಾಲಿ ಇತ್ತು. ಅಪ್ಪ ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದರು. ಮಲ್ಲಸಂದ್ರ ಸ್ಟೇಷನ್ ದಾಟಿತು.

“ಅಷ್ಟು ಬೇಗ ನಡೀತಾರೆ ಅಂತ ನಂಗೊತ್ತೇ ಇರ್ಲಿಲ್ಲ ಕಣೇ,” ಅಂದರು. ಆಮೇಲೆ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, “ಮಂಡಿ ನೋಯುತ್ತೆ ಜಯಾ” ಅಂದರು.

ಅಮ್ಮ ಅವರ ಕಾಲನ್ನು ಎತ್ತಿ ಎದುರಿನ ಸೀಟಿನ ಮೇಲಿಟ್ಟಳು. “ಗೊತ್ತು ಬುಡಿ. ಬಲಗಾಲು ತಾನೆ?”

“ಎರಡೂ.”

ಅಮ್ಮನ ಕೈ ನಿಂತಿತು. “ಎರಡೂನಾ? ಎಡಗಾಲು ನಂಗೆ ಗೊತ್ತೇ ಇಲ್ವಲ್ರೀ!”

ಅಪ್ಪ ಕಿಟಕಿಯಿಂದ ಈ ಕಡೆ ತಿರುಗಿದರು. ಅವತ್ತು ಬೆಳಿಗ್ಗೆಯಿಂದ ಮೊದಲನೇ ಸಲ ಅವರ ಬೆನ್ನು ನೆಟ್ಟಗಾಯಿತು.

“ಎಡಗಾಲಿಂದು ಯಾರಿಗೂ ಗೊತ್ತಾಗಿಲ್ಲ,” ಅಂದರು.